ಉಸಿರು ಬಿಡ್ರಿ

ಟೇಪ ಸುತ್ತಿದ್ದ ತಡ
ಎಲ್ಲಾರೂ ಹೊಟ್ಟಿ ಒಳಗ ಎಳಕೋತಾರ.
ಕಾಲೇಜ ಹುಡುಗಿ, ಬ್ಯಾಂಕಿನ ಮ್ಯಾನೇಜರ್ ಬಾಯಿ,
ಮೂರು ಹಡೆದ ಹಿಂದಿನ ಓಣಿ ನಿಂಬೆವ್ವ.
"ಉಸಿರು ಬಿಡ್ರಿ" ಅಂತೀನಿ ನಾನು,
"ಉಸಿರು ಹಿಡದು ಅಳತಿ ಕೊಟ್ಟರ
ಉಸಿರು ಹಿಡದ ತೊಡಬೇಕಾಗತೈತಿ."
ಇಪ್ಪತ್ತಾರು ವರ್ಷದಿಂದ ಇದನ್ನ ಅಂತೀನಿ.

ನನ್ನ ಹೊಟ್ಟಿಗೆ ಮಾತ್ರ ಟೇಪ ಮುಟ್ಟಿಸಿರಲಿಲ್ಲ.
ತೊಂಬತ್ತಾರು ಕಿಲೋ. ಮಿಷನ್ ಮುಂದ ಕುಂತರ
ತೊಡಿ ಮ್ಯಾಲ ಕೂಸು ಮಲಗಿದಂಗ ಇರತಿತ್ತು.
ಅದರ ಮ್ಯಾಲ ಬಟ್ಟಿ ಇಟ್ಟು ಗುಂಡಿ ಹಚ್ಚತಿದ್ದೆ,
ಮೇಜು ಬೇಕಾಗಿರಲಿಲ್ಲ.

ಸಕ್ಕರಿ ಮುನ್ನೂರ ಹತ್ತು ಬಂತು. ಡಾಕ್ಟರು ಪೆನ್ನು ಕೆಳಗ ಇಟ್ಟರು.
ಅವತ್ತಿನಿಂದ ಹೊತ್ತಿಗೆ ಒಂದ ರೊಟ್ಟಿ, ಹೆಸರಕಾಳ ಪಲ್ಲೆ, ಮಜ್ಜಿಗಿ.
ಹೋಳಿಗಿ ಬರೇ ವಾಸನಿ.
ನಸುಕಿನ ಐದಕ್ಕ, ಸೀರಿ ಮ್ಯಾಲ ಬೂಟು ಹಾಕ್ಕೊಂಡು
ನವನಗರದ ಸೆಕ್ಟರ್ ಎಣಿಸಿಕೋತ ನಡದೆ,
ನಾಯಿಗೋಳು ಬೊಗಳೂದು ಬಿಟ್ಟವು.
ಎರಡು ವರ್ಷದಾಗ ಮೂವತ್ತೆರಡು ಕಿಲೋ ಹೋತು.
ಎಲ್ಲಿ ಹೋತೋ, ಹೇಳಿ ಹೋಗಲಿಲ್ಲ.

ಲಗ್ನದ ಮನ್ಯಾಗ ನೆಗೆಣ್ಣಿ ಮೂಲಿಗೆ ಕರದು ಕೇಳಿದಳು:
"ಯಾವ ದವಾಖಾನಿ? ಎಷ್ಟನೇ ಸ್ಟೇಜು?"
ಆರಾಮ ಅದೀನಿ ಅಂದೆ. ಆಕಿ ಕಣ್ಣೊರಸಿಕೊಂಡಳು.

ಹೋಗದ ಉಳದದ್ದು ಇದೊಂದು, ಚರ್ಮ.
ಸೀರಿ ನಿರಿಗಿ ಹಿಂದ ಇನ್ನೊಂದು ನಿರಿಗಿ.
ಮಗಳು ಫೋನಿನಾಗ ತೋರಿಸಿದ್ದೂ ಮಾಡಿದೆ:
ಮೊಣಕೈ ಊರಿ ಹಲಗಿ ಹಂಗ ನಿಲ್ಲೂದು,
ಚಾಪಿ ಮ್ಯಾಲಿನ ಇರವಿ ಸಾಲು ಮುಗಿಯೂಮಟ.
ಒಳಗ ಗಟ್ಟಿ ಆಗೈತಿ, ಒತ್ತಿದರ ತಿಳೀತೈತಿ,
ಬಂಡಿಗಲ್ಲಿನ ಮ್ಯಾಲ ಹರವಿದ ಹಸಿ ಚಾದರ, ಅಷ್ಟ.

ಬೆಳಗಾವ್ಯಾಗ ಕೊಯ್ದು ಹೊಲೀತಾರಂತ. ಎರಡೂವರಿ ಲಕ್ಷ.
"ಹೆಚ್ಚಿಂದು ಕತ್ತರಿಸಿ ಹೊಲಗಿ ಹಾಕತಾರವ್ವ, ನಿನ್ನ ಕೆಲಸಾನ."
ರೊಕ್ಕದಕಿಂತ ಮೊದಲು ನಾ ಕೇಳಿದ್ದು
ಹೊಲಗಿ ಎಲ್ಲಿ ಬರತೈತಿ ಅಂತ.
ಹೊಕ್ಕಳ ಸುದ್ದಾ ಜಾಗಾ ಬದಲಿ ಮಾಡತಾರಂತ.
ಜಾಗಾ ಬದಲಿ ನಾವು ಒಮ್ಮೆ ಮಾಡೀವಿ, ಸಾಕು.

ಹಳೇ ಬಾಗಲಕೋಟಿ ಕಿಲ್ಲಾದಾಗ ಇತ್ತು ನಮ್ಮ ಮನಿ.
ಹಿನ್ನೀರು ಬಂತು, ನಮಗ ಸೈಟ್ ನಂಬರ್ ಬಂತು.
ಒಂದು ಬ್ಯಾಸಗ್ಯಾಗ ನೀರು ಸರದಾಗ ಹೋಗಿ ನೋಡಿದ್ದೆ.
ಪಾವಟಿಗಿ ಕಂಡವು. ಒಳ್ಳು ಕಂಡಿತು, ಬಾಯಿ ತುಂಬ ಮಣ್ಣು.
ದಂಡಿಗುಂಟ ನೀರಿನ ಗೆರಿ, ಒಂದರ ಕೆಳಗೊಂದು,
ಯಾವ ತಿಂಗಳಿಗೆ ಎಲ್ಲಿಮಟ ಇದ್ದೆ ಅಂತ
ನೀರ ಬರದಿಟ್ಟು ಹೋದಂಗ.

ಜಳಕದ ಮನ್ಯಾಗ ಈ ಬಿಳಿ ಗೆರಿ ಓದತೀನಿ.
ಇದು ಮಗಳದು.
ಇದು ಆರು ತಿಂಗಳಿಗೆ ಹೋದದ್ದರದು.
ಈ ಕೆಳಗಿನವು ಅವರು ಸತ್ತ ವರ್ಷದ್ದು,
ನಡುರಾತ್ರಿ ಎದ್ದು, ಲೈಟ್ ಹಚ್ಚದ,
ಬುಟ್ಟಿಗೆ ಕೈ ಹಾಕಿ ತಿಂದ ಕಟಕರೊಟ್ಟಿ.

ಗಿರಾಕಿಗಳು ಹೇಳತಾರ:
"ಒಳಗ ಎರಡಿಂಚು ಬಿಡ್ರಿ ಅಕ್ಕಾರ, ಮುಂದ ಬಿಚ್ಚಾಕ ಬರತೈತಿ."
ಬಿಡತೀನಿ.
ನನ್ನ ಹೊಲದಾವನೂ ಬಿಟ್ಟಾನ,
ಕೈ ಸ್ವಲ್ಪ ಧಾರಾಳ.

ನಿನ್ನೆ ರಾತ್ರಿ ಶೆಟರ್ ಅರ್ಧ ಎಳದು
ಗುಳೇದಗುಡ್ಡದ ಖಣ ಹರವಿದೆ, ಹಸರಿಗೆ ಕೆಂಪು ದಡಿ.
ಟಾಪ ಹೊಲಕೊ ಅಂತ ಮಗಳು ತಂದದ್ದು.
ಜಲ್ಮದಾಗ ಸೀರಿ ಬಿಟ್ಟು ಏನೂ ತೊಟ್ಟಾಕಿ ಅಲ್ಲ ನಾನು.
ಕನ್ನಡಿ ಮುಂದ ನಿಂತು ಟೇಪ ಸುತ್ತಿದೆ.
ಎಳಕೊಂಡೆ ಒಳಗ. ನೋಡ್ರಿ, ನಾನೂ ಎಳಕೊಂಡೆ.
ಮೂವತ್ಮೂರು.

"ಉಸಿರು ಬಿಡ್ರಿ" ಅಂದೆ, ಬಹುವಚನದಾಗ,
ಪರವೂರಿಂದ ಬಂದ ಗಿರಾಕಿಗೆ ಅಂದಂಗ.
ಟೇಪ ಬಟ್ಟಿನಾಗಿಂದ ಸರಕೋತ ಹೋತು,
ಮೂವತ್ನಾಕು, ಮೂವತ್ತಾರು,
ಮೂವತ್ತೇಳಕ್ಕ ನಿಂತಿತು.

ಪುಸ್ತಕದಾಗ ಬರದೆ: ಕಸ್ತೂರೆವ್ವ. ಟಾಪ ಒಂದು. ಹೊಟ್ಟಿ ೩೭.
ಮಜೂರಿ ಖಾನಿ ಹತ್ರ ಬಂದು
ಪೆನ್ನು ಹಿಡಕೊಂಡು ಸ್ವಲ್ಪ ಹೊತ್ತು ಕುಂತೆ.